ತಲೆಗೆ ಪೆಟ್ಟಾದ ದಿನ ಎಲ್ಲಾ ಟೆಸ್ಟ್ ಸರಿ ಇತ್ತು, ಸೋಮವಾರದಿಂದ ತಲೆನೋವು. ಮಗಳನ್ನ ಜಿಲ್ಲಾ ಮಟ್ಟದ ಕಬಡ್ಡಿಗೆ ಕಳಿಸಬಹುದಾ?

ಶಿರಸಿ_ಆಯಿ:

ಎಲ್ರಿಗೂ ನಮಸ್ಕಾರ. ನಾವು ಶಿರಸಿ ಹತ್ರ ಹಳ್ಳಿಯವ್ರು. ಮಗಳು ಒಂಬತ್ತನೇ ಕ್ಲಾಸು, ಶಾಲೆ ಕಬಡ್ಡಿ ಟೀಮಲ್ಲಿ ಲೆಫ್ಟ್ ಕಾರ್ನರ್ ಆಡ್ತಾಳೆ. ಶನಿವಾರ ತಾಲೂಕು ಮಟ್ಟದ ಸೆಮಿಫೈನಲ್ಲಲ್ಲಿ ಆಂಕಲ್ ಹೋಲ್ಡ್‌ಗೆ ಅಂತ ಬಗ್ಗಿದಾಗ ರೈಡರ್ ಹುಡ್ಗಿ ಮೊಣಕಾಲು ಇವಳ ಕಿವಿ ಮೇಲ್ಗಡೆ ಜೋರಾಗಿ ಬಡೀತು. ಪ್ರಜ್ಞೆ ತಪ್ಲಿಲ್ಲ, ವಾಂತಿ ಇಲ್ಲ, ಒಂಚೂರು ಕೂತು ಎದ್ಲು ಅಷ್ಟೇ. ಅವ್ರ ಪಿಇ ಸರ್ ಕಾಳಜಿ ಇರೋ ಮನುಷ್ಯ, ಸುಮ್ನೆ ಬಿಡ್ಲಿಲ್ಲ, ಇವತ್ತು ಯಾವ ವಾರ, ಯಾವ ಶಾಲೆ ಮೇಲೆ ಆಡ್ತಾ ಇದ್ದೀವಿ, ಸ್ಕೋರ್ ಎಷ್ಟು ಅಂತೆಲ್ಲ ಕೇಳಿದ್ರು, ಬೆರಳು ತೋರ್ಸಿದ್ರು, ಒಂಟಿ ಕಾಲಲ್ಲಿ ನಿಲ್ಸಿದ್ರು. ಎಲ್ಲಾ ಸರಿ ಹೇಳಿದ್ಲು, ಅಲ್ಲಾಡದೆ ನಿಂತ್ಲು. ಸೆಕೆಂಡ್ ಹಾಫ್ ಪೂರ್ತಿ ಆಡಿದ್ಲು, ಮಧ್ಯಾಹ್ನ ಫೈನಲ್ಲೂ ಆಡಿ ಗೆದ್ದು ಬಂದ್ರು.

ಭಾನುವಾರ ಚೆನ್ನಾಗೇ ಇದ್ಲು, ಉಂಡ್ಲು, ಮಧ್ಯಾಹ್ನ ಮಲಗಿದ್ಲು. ಸೋಮವಾರ ಶಾಲೆ ಬಿಟ್ಟು ಬಂದವಳೇ ತಲೆನೋವು ಅಂತ ಬ್ಯಾಗು ಬಿಸಾಕಿ ಮಲಗಿದ್ಲು. ಮಂಗಳವಾರದಿಂದ ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚತ್ತಂತೆ, ಮಿಕ್ಸಿ ಶಬ್ದ ಆಗಿಬರಲ್ಲ, ಸಮಾಜ ಪುಸ್ತಕದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಓದ್ತಾಳೆ ತಲೆಗೆ ಹೋಗಲ್ಲ ಅಂತಾಳೆ, ತಮ್ಮನ ಮೇಲೆ ಸುಮ್ಸುಮ್ನೆ ರೇಗ್ತಾಳೆ, ರಾತ್ರಿ ನಿದ್ದೆ ಇಲ್ಲ ಹಗಲೆಲ್ಲ ಮಂಪರು. ಬುಧವಾರ ಪೇಟೆಗೆ ಕರ್ಕೊಂಡೋಗಿ ಸಿಟಿ ಸ್ಕ್ಯಾನ್ ಮಾಡ್ಸಿದ್ವಿ, ನಾರ್ಮಲ್ ಬಂತು. ಏನೂ ಇಲ್ಲ, ಆಡ್ಬಹುದು ಅಂತ ಹೇಳಿ ನೋವಿನ ಮಾತ್ರೆ ಬರ್ಕೊಟ್ರು.

ಜಿಲ್ಲಾ ಮಟ್ಟ ಇನ್ನು ಹತ್ರ ಬಂತು. ನಮ್ಮನೆಯವ್ರು ಹೇಳೋದು ಪೆಟ್ಟಾದ ದಿನ ಆಗದೇ ಇದ್ದದ್ದು ಎರಡು ದಿನ ಬಿಟ್ಟು ಹ್ಯಾಗೆ ಬರತ್ತೆ, ಕಿರುಪರೀಕ್ಷೆ ಬಂತಲ್ಲ ಅದಕ್ಕೆ ಇದೆಲ್ಲ ಅಂತ. ಅತ್ತೆ ದೃಷ್ಟಿ ತೆಗೆದಾಯ್ತು. ಬೆಂಗಳೂರಲ್ಲಿರೋ ಮೈದುನ ಕಂಪ್ಯೂಟರ್ ಮೇಲೆ ಮಾಡೋ ಟೆಸ್ಟ್ ಇದೆ ಅದ್ರಲ್ಲಿ ಪಕ್ಕಾ ಗೊತ್ತಾಗತ್ತೆ ಅತ್ತಿಗೆ ಅಂತಿದ್ದಾನೆ. ನನ್ನ ಮಗಳು ಸುಳ್ಳು ಹೇಳೋಳಲ್ಲ. ಆದ್ರೆ ಗ್ರೌಂಡಲ್ಲಿ ಮಾಡಿದ ಟೆಸ್ಟು, ಸ್ಕ್ಯಾನು ಎರಡೂ ಸರಿ ಇದೆ ಅಂದ್ಮೇಲೆ ನಾನು ಯಾವುದನ್ನ ನಂಬ್ಲಿ? ತಿಳಿದವ್ರು ದಯವಿಟ್ಟು ಹೇಳಿ.

ಫಿಸಿಯೋ_ಕುಮಟಾ:

ಅಕ್ಕಾ, ನಿಮ್ಮ ಮಗಳನ್ನ ನಂಬಿ. ನಾನು ಡಾಕ್ಟರ್ ಅಲ್ಲ, ಫಿಸಿಯೋ, ಆಟಗಾರರ ಜೊತೆಗೇ ನನ್ನ ಕೆಲ್ಸ. ನೀವು ಬರ್ದಿರೋದು ಓದಿದ್ರೆ ಕನ್ಕಷನ್ (ಪೆಟ್ಟಿಗೆ ಮೆದುಳು ಅದುರಿ ಅದ್ರ ಕೆಲ್ಸ ಏರುಪೇರಾಗೋದು) ಅಂತ್ಲೇ ತಿಳ್ಕೊಂಡು ನಡ್ಕೊಳ್ಬೇಕು, ಅಲ್ಲ ಅಂತ ಇದ್ರ ಬಗ್ಗೆ ಗೊತ್ತಿರೋ ಡಾಕ್ಟರ್ ಹೇಳೋವರೆಗೂ ಆಟ ಬಂದ್.

ಮೊದ್ಲು ಇದು ಹೇಳ್ಬಿಡ್ತೇನೆ: ತಲೆನೋವು ಏರ್ತಾನೇ ಹೋಗೋದು, ಪದೇ ಪದೇ ವಾಂತಿ, ಎಬ್ಬಿಸಿದ್ರೂ ಸರಿಯಾಗಿ ಏಳದೇ ಇರೋದು, ಮಾತು ತೊದಲೋದು, ಕೈಕಾಲಲ್ಲಿ ಬಲ ಇಲ್ಲದಂಗಾಗೋದು, ಫಿಟ್ಸು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಸಣ್ಣದು, ಮೂಗು ಕಿವಿಯಿಂದ ನೀರಿನಂಥದ್ದು ಸೋರೋದು, ಇದ್ರಲ್ಲಿ ಒಂದು ಕಂಡ್ರೂ ರಾತ್ರಿ ಆಗ್ಲಿ ಹಗಲಾಗ್ಲಿ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಸ್ಕ್ಯಾನ್ ನಾರ್ಮಲ್ ಇದ್ರೂ ಸೈ.

ಈಗ ಸ್ಕ್ಯಾನ್ ವಿಷ್ಯ. ಸಿಟಿ ಹುಡುಕೋದು ರಕ್ತಸ್ರಾವ, ಬುರುಡೆ ಬಿರುಕು ಇಂಥದ್ದು. ಅದು ಇಲ್ಲ ಅಂತ ಗೊತ್ತಾಯ್ತು, ಒಳ್ಳೇದೇ ಆಯ್ತು. ಆದ್ರೆ ಕನ್ಕಷನ್ ಆದವ್ರಲ್ಲಿ ಹೆಚ್ಚಿನವ್ರ ಸಿಟಿ ನಾರ್ಮಲ್ಲೇ ಬರತ್ತೆ, ಯಾಕಂದ್ರೆ ಅಲ್ಲಿ ಕೆಟ್ಟಿರೋದು ಮೆದುಳು ಕೆಲ್ಸ ಮಾಡೋ ರೀತಿ, ಅದು ಫಿಲ್ಮಲ್ಲಿ ಕಾಣಲ್ಲ. ಅದಕ್ಕೆ "ಸ್ಕ್ಯಾನ್ ನಾರ್ಮಲ್, ಆಡ್ಬಹುದು" ಅನ್ನೋ ಮಾತಲ್ಲಿ ಮೊದಲರ್ಧ ಮಾತ್ರ ಸರಿ. ಪ್ರಜ್ಞೆ ತಪ್ಲಿಲ್ಲ ಅನ್ನೋದೂ ಲೆಕ್ಕಕ್ಕಿಲ್ಲ, ಕ್ರೀಡೆಯಲ್ಲಿ ಆಗೋ ಕನ್ಕಷನ್‌ನಲ್ಲಿ ಪ್ರಜ್ಞೆ ತಪ್ಪೋದು ನೂರಕ್ಕೆ ಹತ್ತಕ್ಕಿಂತ ಕಮ್ಮಿ.

ತಡವಾಗಿ ಯಾಕೆ ಬಂತು ಅನ್ನೋದು ನಿಮ್ಮನೆಯವ್ರಿಗೆ ಅರ್ಥ ಆಗೋ ಹಾಗೆ ಹೇಳ್ತೇನೆ. ತಲೆ ಜೋರಾಗಿ ಅದುರಿದಾಗ ನರಕೋಶದೊಳಗಿನ ಪೊಟ್ಯಾಶಿಯಂ ಹೊರಗೆ ಬರತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ, ಅದನ್ನ ವಾಪಸ್ ಸರಿ ಮಾಡೋಕೆ ಕೋಶಗಳು ಸಿಕ್ಕಾಪಟ್ಟೆ ಶಕ್ತಿ ಖರ್ಚು ಮಾಡ್ಬೇಕು, ಅದೇ ಹೊತ್ತಿಗೆ ಮೆದುಳಿಗೆ ರಕ್ತ ಹರಿಯೋದೂ ಕಮ್ಮಿ ಆಗಿರತ್ತೆ. ಈ ಶಕ್ತಿಯ ಕೊರತೆ ಕೆಲವು ದಿನ ಇರತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ವೋಲ್ಟೇಜ್ ಇಲ್ಲದಾಗ ಒಂದು ಬಲ್ಬು ಹ್ಯಾಗೋ ಉರೀತಾ ಇರತ್ತೆ, ಪಂಪ್ ಹಾಕಿದ ಕೂಡ್ಲೇ ಎಲ್ಲಾ ಮಂಕು ಬೀಳತ್ತಲ್ಲ, ಹಂಗೆ. ಭಾನುವಾರ ಉಂಡು ಮಲಗಿದ್ಲು, ಮೆದುಳಿಗೆ ಕೆಲ್ಸ ಕಮ್ಮಿ, ಏನೂ ಕಾಣ್ಲಿಲ್ಲ. ಸೋಮವಾರ ಪಾಠ, ಗದ್ದಲ, ಬೋರ್ಡು ನೋಡೋದು ಪುಸ್ತಕ ನೋಡೋದು, ಬಸ್ಸು, ಆಗ ಕಾಣಿಸ್ತು. ಕೆಲವ್ರಿಗೆ ನಿಮಿಷದೊಳಗೆ ಬರತ್ತೆ, ಕೆಲವ್ರಿಗೆ ಗಂಟೆಗಟ್ಲೆ ಬಿಟ್ಟು, ಒಂದೆರಡು ದಿನ ಬಿಟ್ಟು ಬರೋದೂ ಹೊಸ ವಿಷ್ಯ ಅಲ್ಲ. ಆವತ್ತು ಫೈನಲ್ ಆಡೋ ಹುರುಪಲ್ಲಿ ಆಟಗಾರರಿಗೆ ತಮ್ಮ ಮೈ ಹ್ಯಾಗಿದೆ ಅನ್ನೋದೇ ಎಷ್ಟೋ ಸಲ ತಿಳಿಯಲ್ಲ.

ಕಾರವಾರ_ಲಾಂಗ್_ಆನ್:

ಮೇಲಿನವ್ರು ಹೇಳಿದ್ದಕ್ಕೆ ಕ್ರಿಕೆಟ್ ನೋಡೋರಿಗೆಲ್ಲ ಗೊತ್ತಿರೋ ಉದಾಹರಣೆ ಇದೆ. 2019ರ ಆಗಸ್ಟ್, ಲಾರ್ಡ್ಸ್ ಟೆಸ್ಟು, ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಿತ್ತು, 80 ರನ್ನಿಗೆ ಹೊರಗೆ ಹೋದ, ಟೀಮ್ ಡಾಕ್ಟರು ಟೆಸ್ಟ್ ಮಾಡಿದ್ರು, ಪಾಸಾದ, ವಾಪಸ್ ಬಂದು 92ಕ್ಕೆ ಔಟಾದ. ಮಾರನೇ ದಿನ ತಲೆನೋವು, ಮಂಕು. ಮ್ಯಾಚಿಂದ ಹೊರಗೆ ಹಾಕಿ ಲಬುಶೇನ್‌ನ ಇಳ್ಸಿದ್ರು, ಟೆಸ್ಟ್ ಕ್ರಿಕೆಟ್ಟಿನ ಮೊದಲನೇ ಕನ್ಕಷನ್ ಸಬ್ (ಕನ್ಕಷನ್ ಆದವ್ರ ಬದಲಿಗೆ ಇಳಿಯೋ ಆಟಗಾರ) ಅದೇ, ಮುಂದಿನ ಹೆಡಿಂಗ್ಲಿ ಟೆಸ್ಟೂ ಸ್ಮಿತ್ ಆಡ್ಲಿಲ್ಲ. ಆಸ್ಟ್ರೇಲಿಯಾದಂಥ ಟೀಮು, ಪಕ್ಕದಲ್ಲೇ ಡಾಕ್ಟರು, ಅಲ್ಲೇ ಹಂಗಾದ್ರೆ ನಮ್ಮ ತಾಲೂಕು ಗ್ರೌಂಡಲ್ಲಿ ಸೈಡಿಗೆ ನಿಲ್ಸಿ ಐದು ನಿಮಿಷದಲ್ಲಿ ಮಾಡಿದ ಟೆಸ್ಟ್ ಮೇಲೆ ಎಷ್ಟು ಭಾರ ಹಾಕೋಕಾಗತ್ತೆ?

2020ರ ಡಿಸೆಂಬರಲ್ಲಿ ಕ್ಯಾನ್ಬೆರಾ ಟಿ20ಲೂ ಜಡೇಜಾ ಹೆಲ್ಮೆಟ್ಟಿಗೆ ಸ್ಟಾರ್ಕ್ ಬಾಲ್ ಬಡಿದ್ಮೇಲೂ ಓವರ್ ಮುಗಿಯೋವರೆಗೂ ಬ್ಯಾಟ್ ಮಾಡಿದ್ರು, ತಲೆಸುತ್ತು ಅಂದದ್ದು ಡ್ರೆಸ್ಸಿಂಗ್ ರೂಮಿಗೆ ಹೋದ್ಮೇಲೆ. ಬದಲಿಗೆ ಬಂದ ಚಹಲ್ 25 ರನ್ನಿಗೆ 3 ವಿಕೆಟ್ ತೆಗೆದದ್ದಕ್ಕೆ ಎಷ್ಟು ಜನ ಕೂಗಾಡಿದ್ರು, ಆಡ್ತಾ ಇದ್ದವನಿಗೆ ಆಮೇಲೆ ಹ್ಯಾಗೆ ತಲೆಸುತ್ತು ಬರತ್ತೆ ಅಂತ. ಅಕ್ಕನ ಮನೇಲೂ ಈಗ ಅದೇ ಪ್ರಶ್ನೆ.

ಪಿಇ_ಮಾಸ್ತರ್_ಯಲ್ಲಾಪುರ:

ನಾನು ದೈಹಿಕ ಶಿಕ್ಷಕ, ನನ್ನ ಕಡೆ ಮಾತೂ ಒಂದು ಕೇಳಿ. ಕಬಡ್ಡಿಲಿ ತಲೆ ತಾಗೋದು, ಡ್ಯಾಶಲ್ಲಿ ಬೀಳೋದು, ಚೈನಲ್ಲಿ ಸಿಕ್ಕಾಕಿಕೊಳ್ಳೋದು ದಿನಾ ಇರೋದೇ. ಪ್ರತಿ ಪೆಟ್ಟಿಗೂ ಹೊರಗೆ ಕೂರ್ಸಿದ್ರೆ ಹನ್ನೆರಡು ಜನರ ಟೀಮಲ್ಲಿ ಏಳು ಜನ ಉಳಿಯಲ್ಲ. ಗ್ರೌಂಡಲ್ಲಿ ಡಾಕ್ಟರ್ ಇರಲ್ಲ, ಇರೋದು ನಾನು ಒಂದು ಫಸ್ಟ್‌ಏಡ್ ಡಬ್ಬ. ಆ ಸರ್ ಪಾಪ ಗೊತ್ತಿದ್ದಷ್ಟು ಮಾಡಿದ್ದಾರೆ, ಬೇರೆ ಎಷ್ಟೋ ಕಡೆ ಅಷ್ಟೂ ಮಾಡಲ್ಲ. ಟೆಸ್ಟ್ ಸರಿ ಬಂದ್ರೂ ನಂಬ್ಬೇಡಿ ಅಂದ್ರೆ ಮತ್ತೆ ಟೆಸ್ಟ್ ಯಾಕೆ ಮಾಡೋದು? ಜಗಳಕ್ಕಲ್ಲ, ನಿಜವಾಗ್ಲೂ ತಿಳ್ಕೊಳೋಕೆ ಕೇಳ್ತಿದ್ದೇನೆ.

ಫಿಸಿಯೋ_ಕುಮಟಾ:

ಮಾಸ್ತರೆ, ನೀವು ಕೇಳಿದ್ದು ಬಹಳ ಮುಖ್ಯದ್ದು, ಉದ್ದ ಆದ್ರೂ ಸರಿಯಾಗಿ ಬರೀತೇನೆ.

ಈ ಟೆಸ್ಟುಗಳು ಒಂದೇ ದಿಕ್ಕಿಗೆ ನಂಬೋ ಅಂಥವು. ತಪ್ಪಿದ್ರೆ ಆಟಗಾರ ಹೊರಗೆ, ಅದ್ರಲ್ಲಿ ಎರಡು ಮಾತಿಲ್ಲ. ಸರಿ ಬಂದ್ರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಈಗ ದೊಡ್ಡ ಟೀಮುಗಳ ಡಾಕ್ಟರ್‌ಗಳು ಬಳಸೋದು ಸ್ಕ್ಯಾಟ್6 ಅಂತ, 2022ರ ಅಕ್ಟೋಬರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ತಜ್ಞರ ಸಭೆ ಆಗಿ 2023ರಲ್ಲಿ ಹೊರಗೆ ಬಂತು, 13 ವರ್ಷ ದಾಟಿದವ್ರಿಗೆ ಅದು, 8ರಿಂದ 12ರವ್ರಿಗೆ ಬೇರೆ ಇದೆ. ಅದ್ರಲ್ಲಿ 22 ಲಕ್ಷಣಗಳನ್ನ ಒಂದೊಂದಾಗಿ ಕೇಳಿ ಸೊನ್ನೆಯಿಂದ ಆರರವರೆಗೆ ಅಂಕ ಹಾಕ್ಬೇಕು, ಹತ್ತು ಪದ ಹೇಳಿ ವಾಪಸ್ ಹೇಳಿಸ್ಬೇಕು, ಐದು ನಿಮಿಷ ಬಿಟ್ಟು ಮತ್ತೆ ಕೇಳ್ಬೇಕು, ತಿಂಗಳುಗಳನ್ನ ಹಿಂದಿನಿಂದ ಹೇಳಿಸ್ಬೇಕು, ಕಣ್ಮುಚ್ಚಿ ಮೂರು ತರ ನಿಲ್ಸಿ ಬ್ಯಾಲೆನ್ಸ್ ನೋಡ್ಬೇಕು. ಹತ್ತು ಹದಿನೈದು ನಿಮಿಷಕ್ಕಿಂತ ಕಮ್ಮಿಯಲ್ಲಿ ಸರಿಯಾಗಿ ಮಾಡೋಕಾಗಲ್ಲ ಅಂತ ಆ ಫಾರಮ್ಮಲ್ಲೇ ಇದೆ. ಅಂಕ ಎಲ್ಲಾ ಸರಿ ಇದ್ರೂ ಕನ್ಕಷನ್ ಆಗಿರಬಹುದು ಅಂತಲೂ ಅದ್ರಲ್ಲೇ ಬರ್ದಿದ್ದಾರೆ. ಮೊದಲ ಮೂರು ದಿನದೊಳಗೆ ಅದ್ರ ಉಪಯೋಗ ಹೆಚ್ಚು, ವಾರ ದಾಟಿದ್ಮೇಲೆ ಅದನ್ನ ಹಿಡ್ಕೊಂಡು ಕೂತ್ರೆ ಪ್ರಯೋಜನ ಇಲ್ಲ.

ಅಡ್ಡ ಬರೋ ವಿಷ್ಯ ಇನ್ನೂ ಇದೆ. ಆಗಷ್ಟೇ ಆಡಿ ಏದುಸಿರು ಬಿಡ್ತಾ ಇರೋರ ಬ್ಯಾಲೆನ್ಸ್ ಪೆಟ್ಟಿಲ್ದೇನೂ ತಪ್ಪತ್ತೆ. ಕೆಸರು ಗ್ರೌಂಡಲ್ಲಿ ಬರಿಗಾಲಲ್ಲಿ ನಿಲ್ಸಿದ್ರೆ ಯಾರು ಅಲ್ಲಾಡಲ್ಲ? ಉಲ್ಟಾ, ದಿನಾ ಒಂಟಿ ಕಾಲಲ್ಲಿ ರೈಡರ್ ಹಿಡಿಯೋ ಕಾರ್ನರ್ ಆಟಗಾರ್ತಿಗೆ ಆ ಟೆಸ್ಟ್ ತೀರಾ ಸುಲಭ, ಒಳಗೆ ಪೆಟ್ಟಿದ್ರೂ ನಿಂತುಬಿಡ್ತಾಳೆ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪದಗಳ ಪಟ್ಟಿ ಓದಿ ಹೇಳಿಸಿದ್ರೆ ಅಲ್ಲಿ ಅಳೆಯೋದು ನೆನಪನ್ನಲ್ಲ, ಇಂಗ್ಲಿಷನ್ನ. ಹಾಗೇ ಹುಷಾರಿರೋ ಮಕ್ಕಳಿಗೆ ಯಾವ ವಾರ, ಸ್ಕೋರ್ ಎಷ್ಟು ಅನ್ನೋದು ಪೆಟ್ಟಾದ್ಮೇಲೂ ಗೊತ್ತಿರತ್ತೆ.

ನಿಮಗೆ ಬೇಕಾದ್ದು ಸ್ಕ್ಯಾಟ್ ಅಲ್ಲ, ಅದು ಡಾಕ್ಟರಿಗೆ. ಸಿಆರ್‌ಟಿ6 ಅಂತ ಒಂದು ಸಣ್ಣ ಕಾರ್ಡ್ ಇದೆ, ವೈದ್ಯರಲ್ಲದವ್ರಿಗೆ ಅಂತ್ಲೇ ಮಾಡಿದ್ದು, ಪುಕ್ಕಟೆ ಸಿಗತ್ತೆ. ಅದ್ರ ಕೆಲ್ಸ ಪತ್ತೆ ಮಾಡೋದಲ್ಲ, ಅನುಮಾನ ಬಂದ್ರೆ ಹೊರಗೆ ಕರೆಯೋದು. ಎದ್ದೇಳೋಕೆ ತಡ ಮಾಡಿದ್ರು, ತಲೆ ಹಿಡ್ಕೊಂಡ್ರು, ಯಾವ ಕಡೆ ನಿಲ್ಬೇಕು ಅಂತ ಗೊಂದಲ ಆಯ್ತು, ಕಣ್ಣು ಖಾಲಿ ಖಾಲಿ ಕಂಡ್ವು, ಸಾಕು, ಆವತ್ತಿನ ಆಟ ಮುಗೀತು. ಪ್ರತಿ ಪೆಟ್ಟಿಗೂ ಕೂರ್ಸಿ ಅಂತ ನಾನು ಹೇಳ್ತಿಲ್ಲ ಮಾಸ್ತರೆ, ಈ ಚಿಹ್ನೆ ಒಂದು ಕಂಡ್ರೂ ಕೂರ್ಸಿ. ಅಮೆರಿಕದಲ್ಲಿ ಹರೆಯದ ಆಟಗಾರರ ಮೇಲೆ ಮಾಡಿ 2016ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ಕೂಡ್ಲೇ ಹೊರಗೆ ಬಂದವ್ರು ಸುಧಾರಿಸೋಕೆ ಸರಾಸರಿ 22 ದಿನ, ಆಡ್ತಾ ಮುಂದುವರಿದವ್ರಿಗೆ 44 ದಿನ. ಒಂದು ಮ್ಯಾಚ್ ಉಳಿಸೋಕೆ ಹೋಗಿ ಸೀಸನ್ನೇ ಹೋಗತ್ತೆ.

ಅಂಕೋಲಾ_ರೈಡರ್:

ಆಡಿದವನಾಗಿ ಒಂದು ಮಾತು. ನಮ್ಮಲ್ಲಿ ಹುಡುಗ್ರು ಹುಡ್ಗಿಯರು ಹೇಳಲ್ಲ. ಸರ್ ಕೇಳಿದ್ರೆ "ಏನಿಲ್ಲ ಸರ್" ಅನ್ನೋದೇ ಮೊದಲು ಬಾಯಿಗೆ ಬರೋದು, ಹೊರಗೆ ಕೂತ್ರೆ ಜಾಗ ಹೋಗತ್ತೆ, ಮುಂದಿನ ಸೆಲೆಕ್ಷನ್ನಲ್ಲಿ ಹೆಸರಿರಲ್ಲ, ಮ್ಯಾಟ್ ಹೊರಗಡೆಯಿಂದ ಊರವ್ರು ಕೂಗ್ತಾ ಇರ್ತಾರೆ. ಟೆಸ್ಟಿನ ಅರ್ಧ ಭಾಗ ನಿಂತಿರೋದೇ ಆಟಗಾರ ನಿಜ ಹೇಳ್ತಾನೆ ಅನ್ನೋದ್ರ ಮೇಲೆ. ಅದಕ್ಕೆ ಕೂಸು ತಾನಾಗೇ ತಲೆನೋವು ಅಂತ ಹೇಳ್ತಿದ್ದಾಳೆ ಅಂದ್ರೆ ಅದು ಸಣ್ಣ ಧೈರ್ಯ ಅಲ್ಲ, ಅದಕ್ಕೆ ನಾಟಕ ಅಂತ ಹೆಸರಿಟ್ರೆ ಮುಂದಿನ ಸಲ ಬಾಯಿ ಬಿಡಲ್ಲ. ಭಾವನೋರಿಗೆ ಹೇಳಿ ಅಕ್ಕಾ.

ಕೆನಡಾದ ರೋವನ್ ಸ್ಟ್ರಿಂಗರ್ ಅನ್ನೋ ಹುಡ್ಗಿ ಬಗ್ಗೆ ಓದಿ. 17 ವರ್ಷ, ಶಾಲೆ ರಗ್ಬಿ ಟೀಮ್ ಕ್ಯಾಪ್ಟನ್. 2013ರ ಮೇ ತಿಂಗಳು, ಒಂದೇ ವಾರದೊಳಗೆ ಮತ್ತೆ ಮತ್ತೆ ತಲೆಗೆ ಪೆಟ್ಟು. ಕನ್ಕಷನ್ ಆಗಿದೆ ಅನ್ಸತ್ತೆ ಅಂತ ಗೆಳತಿಯರಿಗೆ ಮೆಸೇಜ್ ಹಾಕಿದ್ಲು, ಫೋನಲ್ಲಿ ಹುಡುಕಿಯೂ ನೋಡಿದ್ಲು, ಆದ್ರೆ ಮನೇಲಿ ಹೇಳ್ಲಿಲ್ಲ, ಆಡಿದ್ಲು. ಕೊನೇ ಪೆಟ್ಟಿಗೆ ಮೆದುಳು ಊದಿಕೊಂಡು ತೀರಿಹೋದ್ಲು. ಅವಳ ಹೆಸರಲ್ಲೇ ಒಂಟಾರಿಯೋದಲ್ಲಿ 2018ರಲ್ಲಿ ಕಾನೂನು ಬಂತು. ಮೊದಲನೇ ಪೆಟ್ಟು ಮಾಯೋ ಮೊದ್ಲೇ ಎರಡನೇದು ಬಿದ್ರೆ ಹಿಂಗಾಗೋದು ಅಪರೂಪ, ನಿಜ, ಆದ್ರೆ ಆಗೋದು ಹೆಚ್ಚಾಗಿ ಈ ವಯಸ್ಸಿನವ್ರಿಗೇ. ಹೆದರ್ಸೋಕೆ ಬರೀತಿಲ್ಲ, ಜಿಲ್ಲಾ ಮಟ್ಟಕ್ಕೆ ಯಾಕೆ ಬೇಡ ಅಂತ ಕೇಳಿದವ್ರಿಗೆ ಇದೊಂದು ಸಾಕು.

ಕಾರವಾರ_ಲಾಂಗ್_ಆನ್:

ಆ ಕಂಪ್ಯೂಟರ್ ಟೆಸ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ. ಇಂಪ್ಯಾಕ್ಟ್ ಅಂತ ಏನೋ ಇದೆಯಲ್ಲ, ಅದು ಹ್ಯಾಗೆ?

ಫಿಸಿಯೋ_ಕುಮಟಾ:

ಇದೆ, ನೆನಪು, ವೇಗ, ಪ್ರತಿಕ್ರಿಯೆ ಅಳೆಯತ್ತೆ. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿದ್ದೂ ಡಾಕ್ಟರಿಗೆ ಒಂದು ಸಹಾಯ ಅಂತ ಮಾತ್ರ, ಅದೊಂದೇ ನೋಡಿ ತೀರ್ಮಾನ ಮಾಡೋಕಲ್ಲ. ಸೀಸನ್ ಮೊದಲು ಒಂದು ಸಲ ಮಾಡಿಟ್ಕೊಂಡು ಪೆಟ್ಟಾದ್ಮೇಲೆ ಹೋಲಿಸಿ ನೋಡೋದು ಅದ್ರ ಕ್ರಮ. ತೊಂದ್ರೆ ಏನಂದ್ರೆ ಪೆಟ್ಟೇ ಆಗ್ದೇ ಇದ್ದೋರಿಗೆ ಕೆಲವು ವಾರ ಬಿಟ್ಟು ಮತ್ತೆ ಮಾಡ್ಸಿದ್ರೂ ಕೆಲವು ಭಾಗದ ಅಂಕ ಬೇರೆ ಬರತ್ತೆ, ನಿದ್ದೆ ಕೆಟ್ಟಿದ್ರೆ, ಗದ್ದಲದ ರೂಮಲ್ಲಿ ಕೂರ್ಸಿದ್ರೆ, ಮನಸ್ಸಿಲ್ಲದೆ ಮಾಡಿದ್ರೆ ಏರುಪೇರು. ಮುಂದೆ ಪೆಟ್ಟಾದ್ರೆ ಗೊತ್ತಾಗ್ಬಾರ್ದು ಅಂತ ಮೊದಲನೇ ಸಲ ಬೇಕಂತ್ಲೇ ಕೆಟ್ಟದಾಗಿ ಮಾಡೋ ಆಟಗಾರರೂ ಇದ್ದಾರೆ. ಬೆಳೆಯೋ ಮಕ್ಕಳಲ್ಲಿ ಹೋದ ವರ್ಷದ ಅಂಕ ಈ ವರ್ಷಕ್ಕೆ ಹಳೇದಾಗಿರತ್ತೆ. ಅಕ್ಕನ ಮಗಳಿಗೆ ಮೊದಲಿನ ಅಂಕವೇ ಇಲ್ಲ, ಈಗ ದುಡ್ಡು ಕೊಟ್ಟು ಮಾಡ್ಸಿದ್ರೆ ಹೋಲಿಸೋದು ಯಾವುದಕ್ಕೆ? ಲಕ್ಷಣ ಕಣ್ಣೆದುರೇ ಇದೆ. 2018ರಲ್ಲಿ ರಕ್ತ ಪರೀಕ್ಷೆ ಒಂದಕ್ಕೂ ಅಲ್ಲಿ ಒಪ್ಪಿಗೆ ಆಯ್ತು, ಅದು ದೊಡ್ಡವ್ರಿಗೆ, ಸಿಟಿ ಬೇಕಾ ಬೇಡ್ವಾ ಅಂತ ನೋಡೋಕೆ, ಕನ್ಕಷನ್ ಇದೆಯಾ ಇಲ್ವಾ ಅಂತ ಹೇಳೋಕಲ್ಲ.

ಶಿರಸಿ_ಆಯಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಂಕೋಲಾದ ತಮ್ಮ ಬರ್ದಿದ್ದನ್ನ ನಮ್ಮನೆಯವ್ರಿಗೆ ಓದಿ ಹೇಳ್ದೆ, ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅವರೇ ಪಿಇ ಸರ್‌ಗೆ ಫೋನ್ ಮಾಡಿ ಈ ಸಲ ಕಳ್ಸಲ್ಲ ಅಂದ್ರು. ಸರ್ ಏನೂ ಬೇಜಾರು ಮಾಡ್ಕೊಳ್ಲಿಲ್ಲ. ಮಗಳು ಅತ್ಲು, ಅದು ಇದ್ದದ್ದೇ.

ಇನ್ನೆರಡು ಕೇಳ್ಬೇಕಿತ್ತು. ಒಂದು, ಕತ್ತಲೆ ಕೋಣೇಲಿ ಪೂರ್ತಿ ಮಲಗ್ಸಿ ಇಡ್ಬೇಕಾ, ಶಾಲೆಗೆ ಯಾವಾಗ? ಇನ್ನೊಂದು, ನರರೋಗ ಡಾಕ್ಟರ್‌ಗೆ ತೋರ್ಸೋಕೆ ಮಣಿಪಾಲಕ್ಕೆ ಹೋಗೋಣ ಅಂತಿದ್ದೀವಿ, ದೇವಿಮನೆ ಘಟ್ಟ ಇಳೀಬೇಕು, ನಿನ್ನೆ ಪೇಟೆಯಿಂದ ಬರೋ ತಿರುವಲ್ಲೇ ಅವಳಿಗೆ ಹೊಟ್ಟೆ ತೊಳೆಸ್ತು. ಮೊದ್ಲು ಬಸ್ಸಲ್ಲಿ ಅವಳಿಗೆ ಯಾವತ್ತೂ ಹಂಗಾಗಿರಲಿಲ್ಲ.

ಫಿಸಿಯೋ_ಕುಮಟಾ:

ಒಳ್ಳೇ ಕೆಲ್ಸ ಮಾಡಿದ್ರಿ ಅಕ್ಕಾ.

ಕತ್ತಲೆ ಕೋಣೆ ಹಳೇ ಪದ್ಧತಿ, ಈಗ ಅದು ಬೇಡ ಅಂತಾರೆ. ಮೊದಲ ಒಂದೆರಡು ದಿನ ಆರಾಮಾಗಿರೋದು, ಮೊಬೈಲ್ ಟಿವಿ ಆದಷ್ಟು ದೂರ ಇಡೋದು, ಆಮೇಲೆ ನಿಧಾನಕ್ಕೆ ಅಂಗಳದಲ್ಲಿ ತೋಟದಲ್ಲಿ ನಡೆಯೋಕೆ ಶುರು ಮಾಡ್ಬೇಕು. ನಡೆದಾಗ ತಲೆನೋವು ಹತ್ತರಲ್ಲಿ ಒಂದೆರಡು ಅಂಕ ಏರಿ ಒಂದು ಗಂಟೆಯೊಳಗೆ ಇಳಿದ್ರೆ ಅಡ್ಡಿಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಆವತ್ತಿಗೆ ನಿಲ್ಸಿ ನಾಳೆ ಇನ್ನೂ ಕಮ್ಮಿ ಮಾಡಿ. ಹೀಗೆ ಹಗುರ ವ್ಯಾಯಾಮ ಮಾಡಿದ ಹರೆಯದ ಆಟಗಾರರು ಬೇಗ ಸುಧಾರಿಸಿದ್ರು ಅಂತ 2019ರ ಒಂದು ಅಧ್ಯಯನದಲ್ಲಿದೆ, ಅವ್ರಿಗೆ 13 ದಿನ, ಬರೀ ಸ್ಟ್ರೆಚಿಂಗ್ ಮಾಡಿದವ್ರಿಗೆ 17.

ಶಾಲೆಗೆ ಅರ್ಧ ದಿನದಿಂದ ಶುರು ಮಾಡ್ಸಿ. ಕಿಟಕಿ ಬೆಳಕು ಕಣ್ಣಿಗೆ ಹೊಡೀದೇ ಇರೋ ಜಾಗ, ನೋಟ್ಸ್ ಗೆಳತಿಯಿಂದ, ಕಿರುಪರೀಕ್ಷೆ ಮುಂದಕ್ಕೆ, ತಲೆನೋವು ಬಂದ್ರೆ ಸ್ಟಾಫ್ ರೂಮಲ್ಲಿ ಸ್ವಲ್ಪ ಹೊತ್ತು ಮಲಗೋಕೆ ಬಿಡ್ಬೇಕು ಅಂತ ಹೆಡ್‌ಮಾಸ್ತರಿಗೆ ಬರ್ದು ಕೊಡಿ, ಬಾಯಲ್ಲಿ ಹೇಳಿದ್ರೆ ಮರ್ತುಹೋಗತ್ತೆ. ಪೂರ್ತಿ ಶಾಲೆ ಕಷ್ಟ ಇಲ್ಲದೆ ಆಗೋವರೆಗೂ ಗ್ರೌಂಡ್ ಮಾತೇ ಬೇಡ. ಆಮೇಲೂ ಜಾಗಿಂಗ್, ಒಬ್ಬಳೇ ಫುಟ್‌ವರ್ಕ್, ಹಿಡಿಯೋದು ಬೀಳೋದು ಇಲ್ಲದ ಪ್ರಾಕ್ಟೀಸು, ಡಾಕ್ಟರ್ ಒಪ್ಪಿಗೆ, ಆಮೇಲೆ ಟ್ಯಾಕಲ್ ಇರೋ ಪ್ರಾಕ್ಟೀಸು, ಕೊನೆಗೆ ಮ್ಯಾಚು, ಒಂದೊಂದು ಮೆಟ್ಟಿಲಿಗೂ ಕಮ್ಮಿ ಅಂದ್ರೆ ಒಂದು ದಿನ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿ ಆಗ್ತಾರೆ, ದಾಟಿದ್ರೆ ಬೇರೆ ಚಿಕಿತ್ಸೆ ಇದೆ. ನೋವಿಗೆ ಪ್ಯಾರಾಸಿಟಮಾಲ್ ಪರ್ವಾಗಿಲ್ಲ, ಆದ್ರೆ ದಿನಾ ನುಂಗ್ತಾ ಹೋಗೋದು ಬೇಡ, ಮಾತ್ರೆ ತಿಂದು ಆಡೋದಂತೂ ಬೇಡ್ವೇ ಬೇಡ.

ಬಸ್ಸಲ್ಲಿ ಹೊಟ್ಟೆ ತೊಳೆಸಿದ್ದನ್ನ ಡಾಕ್ಟರಿಗೆ ತಪ್ಪದೇ ಹೇಳಿ. ಕಿವಿಯೊಳಗಿನ ಸಮತೋಲನದ ಭಾಗಕ್ಕೂ ಕಣ್ಣಿಗೂ ಹೊಂದಾಣಿಕೆ ತಪ್ಪಿದ್ರೆ ಹಿಂಗಾಗತ್ತೆ, ಓದುವಾಗ ಸಾಲು ತಪ್ಪೋದೂ ಅದ್ರಿಂದ ಇರಬಹುದು. ಗ್ರೌಂಡಲ್ಲಿ ಒಂಟಿ ಕಾಲಲ್ಲಿ ನಿಲ್ಸಿದ್ರೆ ಇದು ಸಿಕ್ಕಲ್ಲ, ತಲೆ ಮತ್ತು ಕಣ್ಣು ಆಡ್ಸಿ ನೋಡೋ ಬೇರೆ ಪರೀಕ್ಷೆ ಇದೆ, ಕೇಳಿ ಮಾಡ್ಸಿ, ಅದಕ್ಕೆ ವ್ಯಾಯಾಮದಿಂದ್ಲೇ ಗುಣ ಮಾಡ್ತಾರೆ. ಆದ್ರೆ ವಾಂತಿನೇ ಆಗಿ ಅದು ಮತ್ತೆ ಮತ್ತೆ ಆದ್ರೆ, ಅಥವಾ ಬಸ್ಸಿಂದ ಇಳಿದ್ಮೇಲೂ ನಿಲ್ದಿದ್ರೆ ಅದನ್ನ ಘಟ್ಟದ ಲೆಕ್ಕಕ್ಕೆ ಹಾಕ್ಬೇಡಿ, ಅಲ್ಲೇ ಹತ್ತಿರದ ಎಮರ್ಜೆನ್ಸಿಗೆ ತೋರ್ಸಿ. ಹೋಗುವಾಗ ಆದ್ರೆ ಕಾರಲ್ಲಿ ಮುಂದಿನ ಸೀಟಲ್ಲಿ ಕೂರ್ಸಿ, ಫೋನ್ ಕೊಡ್ಬೇಡಿ, ಘಟ್ಟದಲ್ಲಿ ಎರಡು ಮೂರು ಕಡೆ ನಿಲ್ಸಿ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೊರಡ್ಸ್ಬೇಡಿ. ಯಾವ ದಿನ ಏನೇನು ಆಯ್ತು, ಎಷ್ಟು ನಿದ್ದೆ, ಏನು ಮಾಡಿದಾಗ ತಲೆನೋವು ಏರ್ತು ಅಂತ ಮಗಳ ಕೈಲೇ ಒಂದು ಹಾಳೇಲಿ ಬರೆಸಿ ತಗೊಂಡೋಗಿ, ಅಲ್ಲಿ ಡಾಕ್ಟರಿಗೆ ಸ್ಕ್ಯಾನ್ ಫಿಲ್ಮಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರತ್ತೆ.